ನಲವತ್ತೊಂದನೇ ನಂಬರು

"ನಲವತ್ತೊಂದು!" ಎಂದು ಜಿಸ್ಲೇನಿ ಮೂರನೆಯ ಸಲ ಕೂಗಿದಳು. ಯಾರೂ ಕೈ ಎತ್ತಲಿಲ್ಲ. ಪಟ್ಟಿಯಲ್ಲಿ ಆ ನಂಬರಿನ ಮುಂದಿದ್ದ 'ಕವಾನಿ' ಎಂಬ ಹೆಸರಿನ ಮೇಲೆ ಅವಳು ಸ್ಕೇಲು ಇಟ್ಟು ಕೆಂಪು ಗೆರೆ ಎಳೆದಳು.

ಸಾವೊ ಪಾವ್ಲೊದ ಆ ಕ್ರೀಡಾಂಗಣದ ಗೇಟಿನ ಮುಂದೆ ಗಾಯಕಿ ಮೈರಾಳ ಅಭಿಮಾನಿಗಳು ಟೆಂಟು ಹಾಕಿಕೊಂಡು ಕೂತು ಒಂಬತ್ತು ದಿನವಾಗಿತ್ತು. ಮೊದಲು ಒಳಗೆ ಹೋದವರಿಗೆ ವೇದಿಕೆಗೆ ಅಂಟಿಕೊಂಡು ನಿಲ್ಲುವ ಭಾಗ್ಯ. ಅದಕ್ಕೊಂದು ಪಟ್ಟಿ, ದಿನಕ್ಕೆ ಮೂರು ಸಲ ಹಾಜರಿ. ತಪ್ಪಿಸಿಕೊಂಡವರು ಸಾಲಿನ ಕೊನೆಗೆ ಹೋಗಬೇಕು. ಪಟ್ಟಿ ಇಟ್ಟುಕೊಂಡ ಜಿಸ್ಲೇನಿಗೆ ಮೂವತ್ತೆಂಟು ವರ್ಷ. ಅವಳು ಕೆಲಸ ಮಾಡುವ ಔಷಧಿ ಅಂಗಡಿಯಲ್ಲಿ ಅವಳ ಮಾತನ್ನು ಕೇಳುವವರೇ ಇರಲಿಲ್ಲ. ಇಲ್ಲಿ ಆರುನೂರು ಜನ ಅವಳ ಒಂದು ಕೂಗಿಗೆ ಕೈ ಎತ್ತುತ್ತಿದ್ದರು. ಅದು ಅವಳ ತಲೆಗೇರಿರಲಿಲ್ಲ ಎಂದರೆ ಸುಳ್ಳಾದೀತು.

"ಆ ಹುಡುಗಿ ಪಾಪ ಒಳ್ಳೇದು ಕಣೇ," ಎಂದರು ಪಕ್ಕದ ಟೆಂಟಿನ ಲೂರ್ದಿಸ್ ಆಂಟಿ. ಮಗಳು ಕೆಲಸಕ್ಕೆ ಹೋದಾಗ ಅವಳ ಜಾಗ ಕಾಯಲು ಬರುತ್ತಿದ್ದವರು ಅವರು. "ನಿನ್ನೆ ಹಾಜರಿ ಮುಗಿದ್ಮೇಲೆ ಯಾರದೋ ಫೋನು ಬಂತು, ಹಾಸಿಗೇನೂ ಮಡಚದೆ ಓಡಿತು. ಒಂದ್ಸಲ ಬಿಟ್ಬಿಡು."

"ಒಬ್ಬಳಿಗೆ ಬಿಟ್ರೆ ಆರ್ನೂರು ಜನಕ್ಕೂ ಬಿಡ್ಬೇಕಾಗತ್ತೆ ಆಂಟಿ," ಎಂದು ಜಿಸ್ಲೇನಿ ಫೋನು ತೆರೆದಳು. 'ಮೈರಾಳ ಅಂಗಳ' ಎನ್ನುವ ಅಭಿಮಾನಿಗಳ ಆನ್‌ಲೈನ್ ಗುಂಪಿನಲ್ಲಿ ಸ್ವಂತ ಹೆಸರು, ಸ್ವಂತ ಫೋಟೊ ಹಾಕುವ ಪದ್ಧತಿಯೇ ಇಲ್ಲ. ಹೆಸರುಗಳೆಲ್ಲ ಮೈರಾಳ ಹಾಡುಗಳಿಂದ ಎತ್ತಿಕೊಂಡವು, ಮುಖಗಳೆಲ್ಲ ಮೈರಾಳವೇ. ಅಲ್ಲಿ ಜಿಸ್ಲೇನಿ 'ಸೂರ್ಯಕಾಂತಿ'. ಗಂಡ ಬಿಟ್ಟುಹೋದ ಸಂಗತಿಯನ್ನು ತಂಗಿಗೂ ಹೇಳದವಳು 'ಪುಟ್ಟ ಕೊಡೆ' ಎಂಬುವಳಿಗೆ ಹೇಳಿಕೊಂಡಿದ್ದಳು. ಪುಟ್ಟ ಕೊಡೆಯ ತಾಯಿಗೆ ಕ್ಯಾನ್ಸರ್. ಏಳು ತಿಂಗಳಿಂದ ಒಂದು ದಿನವೂ ತಪ್ಪದೆ ಸೂರ್ಯಕಾಂತಿ ಅವಳಿಗೆ "ಊಟ ಮಾಡಿದ್ಯಾ? ಅಮ್ಮ ಹೇಗಿದ್ದಾರೆ?" ಎಂದು ಬರೆಯುತ್ತಿದ್ದಳು. ಪುಟ್ಟ ಕೊಡೆಯೂ ಈ ಸಾಲಿನಲ್ಲೇ ಎಲ್ಲೋ ಇದ್ದಾಳೆ. ಅಮ್ಮನೇ ಹಟ ಮಾಡಿ ಕಳಿಸಿದ್ದಾರಂತೆ. ಗೇಟು ದಾಟಿದ ಮೇಲೆಯೇ ಹೆಸರು ಹೇಳಿಕೊಳ್ಳೋಣ, ಮೂರನೆಯ ಹಾಡನ್ನು ಕೈ ಹಿಡಿದುಕೊಂಡು ಹಾಡೋಣ ಎಂದು ಇಬ್ಬರೂ ಮಾತಾಡಿಕೊಂಡಿದ್ದರು. ನಿನ್ನೆ ಸಂಜೆಯಿಂದ ಅವಳ ಸುದ್ದಿಯೇ ಇರಲಿಲ್ಲ. "ಎಲ್ಲಿದ್ದೀಯ ಕಂದಾ? ನನಗ್ಯಾಕೋ ಭಯ ಆಗ್ತಿದೆ," ಎಂದು ಜಿಸ್ಲೇನಿ ಬರೆದಳು.

ಹನ್ನೊಂದು ಗಂಟೆಗೆ ಕವಾನಿ ಬಂದಳು. ತಲೆ ಬಾಚಿರಲಿಲ್ಲ, ಕಾಲಲ್ಲಿ ಮನೆಯೊಳಗೆ ಹಾಕುವ ರಬ್ಬರು ಚಪ್ಪಲಿ.

"ಅಕ್ಕಾ, ಪಟ್ಟಿ ನಿಮ್ಮ ಹತ್ರಾನೇ ಅಲ್ವಾ? ನಾನು ನಲವತ್ತೊಂದು. ಒಂದು ಸಹಾಯ..."

"ಬೆಳಿಗ್ಗೆ ಮೂರು ಸಲ ಕೂಗಿದೀನಿ. ಕೊನೇಗೆ ಹೋಗು."

"ಅದಕ್ಕಲ್ಲ ಅಕ್ಕಾ, ನಮ್ಮನೇಲಿ..."

"ಎಲ್ಲರ ಮನೇಲೂ ಏನಾದ್ರೂ ಇದ್ದೇ ಇರತ್ತಮ್ಮ. ಮೊನ್ನೆ ಒಬ್ಬಳು ಅಜ್ಜೀನೇ ಸಾಯಿಸಿಬಿಟ್ಲು. ಸಂಜೆ ನೋಡಿದ್ರೆ ಅದೇ ಅಜ್ಜಿ ಬುತ್ತಿ ಹಿಡ್ಕೊಂಡು ಬಂದ್ರು!"

ಸುತ್ತಲಿನವರು ಗೊಳ್ಳೆಂದು ನಕ್ಕರು. ಹುಡುಗಿ ಟೆಂಟುಗಳ ಸಾಲಿನ ಉದ್ದಕ್ಕೂ ಒಂದೊಂದೇ ಮುಖ ನೋಡುತ್ತಾ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಬಸ್ಸಿನ ಕಡೆಗೆ ಹೊರಟುಹೋದಳು.

"ನೋಡಿದ್ರಾ ಆಂಟಿ? ನಾಟಕ ನಡೀಲಿಲ್ಲ," ಎಂದಳು ಜಿಸ್ಲೇನಿ. ಅವಳಿಗೆಂದು ಕಾಫಿ ಬಗ್ಗಿಸುತ್ತಿದ್ದ ಲೂರ್ದಿಸ್ ಆಂಟಿ ಫ್ಲಾಸ್ಕಿನ ಮುಚ್ಚಳ ಹಾಕಿಬಿಟ್ಟರು.

ಮಧ್ಯಾಹ್ನದ ಹಾಜರಿ ಮುಗಿದ ಮೇಲೆ ಜಿಸ್ಲೇನಿ ಫೋನು ನೋಡಿದರೆ ಗುಂಪಿನಲ್ಲಿ ಪುಟ್ಟ ಕೊಡೆ ಬರೆದಿದ್ದಳು.

"ಅಮ್ಮ ಬೆಳಗಿನ ಜಾವ ಹೋಗಿಬಿಟ್ರು. ನಾಲ್ಕು ಗಂಟೆಗೆ ಮಣ್ಣು ಮಾಡ್ತಾರೆ. ಸೂರ್ಯಕಾಂತಿ, ರಾತ್ರಿಯಿಂದ ಫೋನಲ್ಲಿ ಚಾರ್ಜ್ ಇರಲಿಲ್ಲ, ಅದಕ್ಕೇ ನಿನ್ನನ್ನ ಕರ್ಕೊಂಡು ಹೋಗೋಣ ಅಂತ ಸಾಲಿನ ಹತ್ರ ಬಂದಿದ್ದೆ. ನಿನ್ನ ಹೆಸರೂ ಗೊತ್ತಿಲ್ಲ, ಮುಖಾನೂ ಗೊತ್ತಿಲ್ಲ. ಪಟ್ಟಿ ಇಟ್ಕೊಂಡಿರೋ ಹೆಂಗಸಿನ ದನಿ ಜೋರು, 'ಸೂರ್ಯಕಾಂತಿ' ಅಂತ ಒಂದ್ಸಲ ಕೂಗಿ ಅಂತ ಕೇಳೋಣ ಅಂದ್ಕೊಂಡೆ. ಕೇಳೋಕೇ ಬಿಡಲಿಲ್ಲ."

ಕೆಳಗೆ ನೂರಾರು ಕೆಂಪು ಹೃದಯಗಳು. ಅವುಗಳ ನಡುವೆ "ಯಾವಳವಳು ಕಟುಕಿ?", "ಹೆಸರು ಹೇಳು, ವಿಚಾರಿಸ್ಕೋತೀವಿ," ಎಂಬ ಬೈಗುಳ. ಜಿಸ್ಲೇನಿ ಏಳು ತಿಂಗಳು ದಿನಾ ಊಟ ವಿಚಾರಿಸಿದವಳು, ಅದೇ ಹುಡುಗಿ ಮೊಳದ ದೂರದಲ್ಲಿ ಬಂದು ನಿಂತಾಗ "ಏನಾಯ್ತಮ್ಮ?" ಎಂದು ಒಂದು ಮಾತು ಕೇಳಿರಲಿಲ್ಲ. "ಅದು ನಾನೇ" ಎಂದು ಬರೆದಳು. ಕಳಿಸುವ ಧೈರ್ಯ ಬರಲಿಲ್ಲ, ಅಳಿಸಿದಳು. ಮತ್ತೆ ಬರೆದಳು, ಮತ್ತೆ ಅಳಿಸಿದಳು. ಕೊನೆಗೆ, "ಯಾವ ಸ್ಮಶಾನ ಹೇಳು, ಈಗಲೇ ಹೊರಟೆ," ಎಂದು ಕಳಿಸಿ, ಪಟ್ಟಿಯನ್ನು ಲೂರ್ದಿಸ್ ಆಂಟಿಯ ಮಡಿಲಿಗೆ ಹಾಕಿ ಚಪ್ಪಲಿ ಹುಡುಕತೊಡಗಿದಳು.

ಅಷ್ಟರಲ್ಲಿ ಉತ್ತರ ಬಂತು.

"ನೀನು ಅಷ್ಟು ಅಂದ್ಯಲ್ಲ, ಸಾಕು. ಸಾಲು ಬಿಟ್ಟು ಬರಬೇಡ. ಆ ಹೆಂಗಸು ನಿನ್ನ ಹೆಸರನ್ನೂ ಹೊಡೆದುಹಾಕಿಬಿಡ್ತಾಳೆ."