ಕುಂಡದೊಳಗಿನ ಜಾಲಿ

"ಅಯ್ಯಯ್ಯೋ ಮಾವಾರ, ಕೈ ಬಿಡ್ರಿ!"

ರೂಪಾ ಅಡುಗೆಮನೆಯಿಂದ ಚೀರುತ್ತ ಓಡಿ ಬರುವಷ್ಟರಲ್ಲಿ ಗದ್ದೆಪ್ಪ ಗಿಡವನ್ನು ಬೇರುಸಮೇತ ಕಿತ್ತಾಗಿತ್ತು. ಗೊರೇಬಾಳದಿಂದ ಸಿಂಧನೂರಿನ ಮಗನ ಮನೆಗೆ ಅಕ್ಕಿ ಚೀಲ ತಂದಿದ್ದ. ಚೀಲ ಇಳಿಸಿ ಸೊಂಟ ನೆಟ್ಟಗೆ ಮಾಡಿದ್ದೇ ತಡ, ಹಾಲ್‌ನ ನಟ್ಟನಡುವೆ, ಟೇಬಲ್ ಮೇಲೆ ಬಳ್ಳಾರಿ ಜಾಲಿ ಕಣ್ಣಿಗೆ ಬಿತ್ತು! ಬದುವಿನಲ್ಲಿ, ಕಾಲುವೆ ದಂಡೆಯಲ್ಲಿ ಜೀವಮಾನವಿಡೀ ಜಾಲಿ ಕಿತ್ತ ಕೈ ಅದು. ಯಾರನ್ನೂ ಕೇಳಲಿಲ್ಲ.

"ಮನಿಯೊಳಗೂ ಹುಟ್ಟೈತಲ್ಲವ್ವಾ ಈ ಹಾಳಾದ್ದು!"

"ಹುಟ್ಟಿದ್ದಲ್ರಿ, ನಾ ಬೆಳೆಸಿದ್ದು! ಬೋನ್ಸಾಯ್ ಅದು!" ರೂಪಾಳ ಕಣ್ಣಲ್ಲಿ ನೀರು ಚಿಮ್ಮಿತು. "ಐದು ವರ್ಷ ಜ್ವಾಪಾನ ಮಾಡೀನಿ. ಇದನ್ನ ನೋಡಾಕಂತನ ಲಿಂಗಸುಗೂರಿಂದ ಮಂದಿ ಬರಾಕತ್ತಾರ, ಈಗ!"

"ಜಾಲಿ ನೋಡಾಕ? ಯಾಕ, ಲಿಂಗಸುಗೂರಾಗ ಜಾಲಿಗೆ ಬರ ಬಂದೈತೇನು?"

ಹಾಗೆಂದವನು ಕೈಯಲ್ಲಿದ್ದುದನ್ನು ಆಗಷ್ಟೇ ಸರಿಯಾಗಿ ನೋಡಿದ. ಮೊಳದುದ್ದವೂ ಇಲ್ಲ, ಆದರೆ ಥೇಟ್ ಮರ! ಬಾಗಿದ ಕಾಂಡ, ಹರಡಿದ ಕೊಂಬೆ, ಪುಟಾಣಿ ಮುಳ್ಳು. ಮಸ್ಕಿಯಿಂದ ಮಣ್ಣು ತರಿಸಿ, ತಾನೇ ಮಿದ್ದು, ಸುಟ್ಟು, ನೀಲಿ ಹೊಳಪು ಕೊಟ್ಟು ಸೊಸೆ ಮಾಡಿದ ಕುಂಡ ಬಾಯಿ ತೆರೆದು ಕೂತಿತ್ತು. ಅಷ್ಟರ ಮೇಲೆ ಗಿಡದ ದಪ್ಪ ಬೇರೊಂದು ಮುರಿದು ಜೋತಾಡುತ್ತಿತ್ತು.

"ಅಳಬ್ಯಾಡವ್ವಾ. ಜಾಲಿ ಎಲ್ಯಾರ ಸಾಯ್ತೈತೇನು? ಕಡದೀನಿ, ಸುಟ್ಟೀನಿ, ಜೆಸಿಬಿ ಹಚ್ಚಿ ಕೀಳಿಸೀನಿ. ಇವತ್ತಿನತನಕ ಒಂದು ಜಾಲಿನೂ ನನ್ನ ಕೈಯಾಗ ಸತ್ತಿಲ್ಲ!"

ರೂಪಾ ಅಳುತ್ತಲೇ ನಕ್ಕುಬಿಟ್ಟಳು. ಅವನು ಗಿಡ ಹಿಡಿದ, ಅವಳು ಮಣ್ಣು ತುಂಬಿದಳು, ತಂತಿ ಬಿಗಿದಳು. ಅಷ್ಟರಲ್ಲಿ ಬಾಗಿಲ ಬೆಲ್ ಹೊಡೆದುಕೊಂಡಿತು. ಬಂದವರಿಗೆ ಗೋಡೆಗುಂಟ ಜೋಡಿಸಿದ್ದ, ಅವಳೇ ಮಾಡಿದ ಮಣ್ಣಿನ ಹೂಜಿ, ತಟ್ಟೆಗಳೆಲ್ಲ ಮೆಚ್ಚುಗೆಯಾದವು. ಆದರೆ ಜಾಲಿಯ ಮುಂದೆ ಬಂದು ಬೆರಗಾಗಿ ನಿಂತರು. "ಅಬ್ಬಬ್ಬಾ, ಇದು ನಮ್ಮ ಬಳ್ಳಾರಿ ಜಾಲೀನಾ?" ಎಂದು ಒಬ್ಬಾಕೆ ಬೆರಳು ಚಾಚಿದ್ದೇ ತಡ, ಮೂಲೆಯಿಂದ ಗದ್ದೆಪ್ಪ ಗುಡುಗಿದ: "ಮುಟ್ಟಬ್ಯಾಡ್ರೀ!"

ಬೇರಿನ ಸಂಗತಿ ಮಾತ್ರ ರೂಪಾ ಯಾರಿಗೂ ಹೇಳಲಿಲ್ಲ.

ವಾರದೊಳಗೆ ಎಲೆಗಳೆಲ್ಲ ಉದುರಿ ಗಿಡ ಕಡ್ಡಿಯಾಯಿತು. ಸುದ್ದಿ ಕೇಳಿದಾಗಿನಿಂದ ಗದ್ದೆಪ್ಪನಿಗೆ ಊಟ ಸೇರದು, ನಿದ್ದೆ ಹತ್ತದು. ದಿನ ಬೆಳಗಾದರೆ ಸೊಸೆಗೆ ಫೋನು.

"ಏನಾರ ಚಿಗುರಿತೇನವ್ವಾ?"

"ಇಲ್ರಿ ಮಾವಾರ."

"ಥೂ ಇದರ! ಬ್ಯಾಡಂದ್ರ ಊರ ತುಂಬ ಚಿಗರ್ತೈತಿ, ಬೇಕಂದಾಗ ಒಂದು ಎಲಿ ಬಿಡವಲ್ದು!"

ಹೀಗಿರುವಾಗ ಒಂದು ದಿನ ಅವನು ಬಸ್ಸಪ್ಪನನ್ನು ಕೂಲಿಗೆ ಕರೆದುಕೊಂಡು ಕಾಲುವೆ ದಂಡೆಯ ಜಾಲಿ ಸವರುತ್ತಿದ್ದ. ಕೊಡಲಿ ಎತ್ತಿದ್ದಾನೆ, ಕಿಸೆಯಲ್ಲಿ ಫೋನು ಬಡಿದುಕೊಂಡಿತು.

"ಮಾವಾರ! ಚಿಗುರೈತ್ರಿ! ಎರಡು ಕಡೆ ಚಿಗುರೈತಿ!"

ಕೊಡಲಿ ಎಲ್ಲಿ ಬಿತ್ತೋ, ರುಮಾಲು ಎಲ್ಲಿ ಹಾರಿತೋ! ಗದ್ದೆಪ್ಪ ಕುಣಿದಾಡಿಬಿಟ್ಟ. "ಲೇ ಬಸ್ಸಪ್ಪಾ, ಬದುಕಿತಲೇ! ಜಾಲಿ ಬದುಕಿತು! ನನ್ನ ಸೊಸಿ ಮುಂದ ನನ್ನ ಮಾನ ಉಳೀತು!"

ಬಸ್ಸಪ್ಪ ಎತ್ತಿದ ಕೊಡಲಿಯನ್ನು ಎತ್ತಿದಂತೆಯೇ ಹಿಡಿದು ಅವನನ್ನೊಮ್ಮೆ, ಎದುರಿಗೆ ಆಳೆತ್ತರ ಬೆಳೆದು ನಿಂತ ಜಾಲಿಯನ್ನೊಮ್ಮೆ ನೋಡಿದ.

"ಅಣ್ಣಾ, ಹಂಗಾರ ಇದನ್ನ ಕಡೀಲ್ಯೋ, ಇಲ್ಲಾ ನೀರು ಹಾಕಲ್ಯೋ?"