ಹನ್ನೊಂದು ಸಲ ಅಚ್ಚಾದ ಮನೆ

ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಜೋಡಿಸಿದ್ದ ತಟ್ಟೆಯ ಮೇಲೆ ಅನುಶ್ರೀ ಒಂದು ಕಟ್ಟು ಕಾಗದ ಇಟ್ಟುಬಿಟ್ಟಳು.

“ಏನೇ ಇದು?” ತಾಯಿ ನಂಜಮ್ಮ ಬೆಚ್ಚಿದಳು. “ಶಾಸ್ತ್ರದ ತಟ್ಟೆ ಮ್ಯಾಲೆ ಏನ್ ತಂದಿಕ್ದೆ?”

“ನಮ್ಮನೆ ಜಾತಕ ಕಣವ್ವ. ಅನ್ನೊಂದ್ ಸಲ ಅಚ್ಚಾಗೈತೆ. ಇದನ್ನ ನೋಡ್ಬುಟ್ಟು ಆಮೇಲೆ ತಟ್ಟೆ ಬದ್ಲಾಯ್ಸಿ.”

ಬಾಗೂರಿನ ಆ ನಡುಮನೆಯಲ್ಲಿ ಹೆಚ್ಚು ಜನ ಇರಲಿಲ್ಲ. ಮನೆಯೊಳಗಿನ ಸಂಬಂಧಕ್ಕೆ ಊರನ್ನೇಕೆ ಕರೆಯಬೇಕೆಂದು ಅಪ್ಪ ರಾಮಣ್ಣ ಸುಮ್ಮನಿದ್ದ. ಮದುವೆ ಗಂಡು ಸುದರ್ಶನ, ಇದೇ ಮನೆಯಲ್ಲಿರುವ ನಂಜಮ್ಮನ ತಮ್ಮ; ಅನುಶ್ರೀಗೆ ಸೋದರಮಾವ. ಚಿಕ್ಕವಳಿದ್ದಾಗ ಹೆಗಲ ಮೇಲೆ ಹೊತ್ತು ಚನ್ನರಾಯಪಟ್ಟಣದ ಬಸ್ಸು ಹತ್ತಿಸುತ್ತಿದ್ದವನು. ಅವನ ಪಕ್ಕ ಹೆಂಡತಿಯಾಗಿ ಕೂರುವುದನ್ನು ನೆನೆದರೆ ಅವಳ ಮೈ ಮುದುಡುತ್ತಿತ್ತು. ಕೆಟ್ಟವನೇನೂ ಆಗಿರಲಿಲ್ಲ. ಅದೇ ಕಷ್ಟ, ದೂರಲು ಏನೂ ಸಿಗುತ್ತಿರಲಿಲ್ಲ.

ಬಾಗಿಲಿಗೆ ಅಡ್ಡವಾಗಿ ಅಣ್ಣ ಸಿದ್ದೇಶನ ಗಾಲಿಕುರ್ಚಿ. ಸ್ನಾಯುಗಳು ಒಂದೊಂದಾಗಿ ಸೋಲುವ ಕಾಯಿಲೆ. ಏಳನೇ ವಯಸ್ಸಿಗೆ ಮೆಟ್ಟಿಲು ಹತ್ತಲಾರದೆ ಹೋದವನು ಹದಿನೈದಕ್ಕೆ ಎದ್ದು ನಿಲ್ಲಲೇ ಇಲ್ಲ. ಈಗ ಮೂವತ್ತು ದಾಟಿದೆ. ಅವನನ್ನು ಎತ್ತಿ ಕೂರಿಸುವುದು, ಮಗ್ಗುಲು ಬದಲಿಸುವುದು ಅನುಶ್ರೀಯ ಕೆಲಸ. ಮಾವನನ್ನೇ ಕಟ್ಟಿಕೊಂಡರೆ ಅವಳು ಈ ಹೊಸ್ತಿಲು ದಾಟುವ ಹಾಗೇ ಇಲ್ಲ. ಮೈಸೂರಿನಲ್ಲಿ ಸಿಕ್ಕಿದ್ದ ಎಂಎಸ್ಸಿ ಸೀಟಿಗೆ ಸೋಮವಾರ ಕೊನೆಯ ದಿನ.

ಬೇಡವೆಂದು ಅತ್ತಿದ್ದಳು, ಊಟ ಬಿಟ್ಟಿದ್ದಳು. ಯಾರೂ ಬೈಯಲಿಲ್ಲ. ಬೈದಿದ್ದರೆ ಸಿಟ್ಟಿನಲ್ಲಿ ಹೊರಟುಬಿಡಬಹುದಿತ್ತು. “ಸುದರ್ಶನಂಗೆ ಬ್ಯಾರೆ ಯಾರವ್ವ ಎಣ್ಣು ಕೊಡ್ತಾರೆ?” ಎಂದಷ್ಟೇ ಕೇಳಿದರು. ನಿಜವೇ. ಹೊಳೆನರಸೀಪುರದ ಕಡೆಯಿಂದ ಬಂದ ಎರಡು ಸಂಬಂಧದವರು ಸಿದ್ದೇಶನನ್ನು ನೋಡಿ ಕಾಫಿ ಸಹ ಮುಟ್ಟದೆ ಎದ್ದು ಹೋಗಿದ್ದರು.

ಆಗ ಅವಳಿಗೆ ನೆನಪಾದದ್ದು ಡಾಕ್ಟರ್ ಸಂಘಮಿತ್ರಾ ಅವರ ಲೇಖನಗಳು.

ಹಾಸನದಲ್ಲಿರುವ ಆಕೆ ನರ ಮತ್ತು ಸ್ನಾಯುಗಳ ಕಾಯಿಲೆಯ ಮೇಲೆ ಸಂಶೋಧನೆ ಮಾಡುವವರು. ಹದಿಮೂರು ವರ್ಷದ ಹಿಂದೆ ಮನೆಯ ಎಲ್ಲರ ರಕ್ತ ತೆಗೆದುಕೊಂಡು ಹೋಗಿ, ಅಂದಿನಿಂದ ಈ ಮನೆಯೊಂದರ ಮೇಲೆಯೇ ಹನ್ನೊಂದು ಲೇಖನ ಬರೆದಿದ್ದರು. ಹೆಸರುಗಳಿಲ್ಲ, ವಂಶದ ನಕ್ಷೆ ಮಾತ್ರ. ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ, ಕಾಯಿಲೆ ಬಂದವರಿಗೆ ಕಪ್ಪು, ರಕ್ತಸಂಬಂಧದ ಮದುವೆಗೆ ಜೋಡಿಗೆರೆ. ನಂಜಮ್ಮ ಕಟ್ಟಿಕೊಂಡದ್ದೂ ಸೋದರಮಾವನನ್ನೇ. ಹಾಗಾಗಿ ಅವಳಿಗೂ ರಾಮಣ್ಣನಿಗೂ ನಡುವೆ ಜೋಡಿಗೆರೆ. ಅದರ ಕೆಳಗೆ ಸಿದ್ದೇಶನ ಕಪ್ಪು ಚೌಕ. ಪಕ್ಕದಲ್ಲಿ ಅನುಶ್ರೀಯ ಬಿಳಿ ಸೊನ್ನೆ ಮೊದಲ ಲೇಖನದಲ್ಲಿತ್ತು, ಎರಡನೆಯದರಿಂದ ಇಲ್ಲ. ಆರೋಗ್ಯವಾಗಿರುವವಳನ್ನು ಬರೆದೇನು ಎಂದು ಬಿಟ್ಟಿರಬೇಕು ಅಂದುಕೊಂಡಳು. ಆರೋಗ್ಯವಾಗಿದ್ದ ಸುದರ್ಶನ ಮಾತ್ರ ಹನ್ನೊಂದರಲ್ಲೂ ಬೆಳ್ಳಗೆ ಕೂತಿದ್ದ.

ಪ್ರತಿ ಲೇಖನದ ಕೊನೆಗೂ ಒಂದೇ ಮಾತು: ಈ ಮನೆಯವರು ಮತ್ತೆ ರಕ್ತಸಂಬಂಧದೊಳಗೆ ಮದುವೆಯಾಗಬಾರದು. ಓದಿದ ದಿನ ಅವಳಿಗೆ ತಿಂಗಳ ಮೇಲೆ ನೆಟ್ಟಗೆ ಉಸಿರು ಬಂತು. ಹಾಸನಕ್ಕೆ ಫೋನು ಮಾಡಿ, ಈ ದಿನ ಬನ್ನಿ ಮೇಡಂ, ಅಣ್ಣನನ್ನು ನೋಡಿದ ಹಾಗಾಗುತ್ತದೆ ಎಂದಳು. ಶಾಸ್ತ್ರದ ಸುದ್ದಿ ಎತ್ತಲಿಲ್ಲ.

ಈಗ ಡಾಕ್ಟರು ಗೋಡೆಯ ಬದಿ ಕಾಫಿ ಲೋಟ ಹಿಡಿದು ಕೂತಿದ್ದರು.

“ಅನ್ನೊಂದ್ ಸಲ ಅಚ್ಚಾದ್ರೂವೆ ಒಂದ್ರಲ್ಲೂ ನನ್ ಫೋಟೋ ಇಲ್ವಲ್ಲ ಮೇಡಂ,” ಸಿದ್ದೇಶ ನಕ್ಕ. “ಕರೀ ಡಬ್ಬಿ ಮಾಡಿ ಕೂರ್ಸ್‌ಬುಟ್ರಿ.”

ಯಾರೂ ನಗಲಿಲ್ಲ.

“ಮೇಡಂ, ರಕ್ತಸಂಬಂಧದಲ್ಲಿ ಮದ್ವೆ ಬ್ಯಾಡ ಅಂತ ಬರೆದೋರು ನೀವೇ ತಾನೆ?” ಅನುಶ್ರೀ ಕೇಳಿದಳು.

“ನಾನೇ.”

“ಮಾವನ ರಕ್ತದಲ್ಲೂ ಆ ದೋಷ ಐತೆ ಅಂದಿದ್ದೀರಿ.”

“ಇದೆ. ಹೆಂಡತಿಯ ರಕ್ತದಲ್ಲೂ ಅದೇ ಇದ್ದರೆ ಮಕ್ಕಳಿಗೆ ಬರಬಹುದು.”

“ಅಂಗಾದ್ರೆ ಇವರಿಗೆ ಏಳಿ, ಈ ಮದ್ವೆ ಆಗಬಾರ್ದು ಅಂತ.”

ಡಾಕ್ಟರು ನಂಜಮ್ಮನ ಮುಖ ನೋಡಿದರು. ಲೋಟ ಕೆಳಗಿಟ್ಟರು. “ಅದನ್ನ ಹೇಳೋ ಹಕ್ಕು ನನಗಿಲ್ಲಮ್ಮ.”

“ಅನ್ನೊಂದ್ ಸಲ ಬರ್ಯಕ್ಕೆ ಹಕ್ಕಿತ್ತು, ಒಂದ್ ಸಲ ಏಳಕ್ಕಿಲ್ವಾ?” ಅನುಶ್ರೀಯ ದನಿ ಒಡೆಯಿತು. ಹನ್ನೆರಡನೆಯ ಲೇಖನಕ್ಕೆ ಈ ಮನೆ ಬೇಕಲ್ಲ, ಅದಕ್ಕೇ ಬಾಯಿ ಕಟ್ಟಿದೆ ಎಂದುಕೊಂಡಳು.

“ಅನೂ,” ಸುದರ್ಶನ ನೆಲ ನೋಡುತ್ತ ಹೇಳಿದ, “ನಿನ್ ಮಕ್ಳಿಗೆ ಏನೂ ಆಗಕ್ಕಿಲ್ಲ. ಬರ್ಕೊಡ್ತೀನಿ ಬೇಕಾದ್ರೆ.”

“ನೀನೇನ್ ಡಾಕ್ಟ್ರಾ ಮಾವ?”

ಡಾಕ್ಟರು ಕಿಟಕಿಯ ಕಡೆ ತಿರುಗಿದರು. ರಾಮಣ್ಣ ಟವೆಲಿನಲ್ಲಿ ಮುಖ ಒರೆಸಿಕೊಂಡ. “ಇದ್ದದ್ದನ್ನ ಏಳ್ಬುಡು ನಂಜಿ. ಇನ್ನೆಷ್ಟು ದಿನ?”

ನಂಜಮ್ಮ ಕಾಗದದ ಕಟ್ಟನ್ನು ತಟ್ಟೆಯಿಂದ ಎತ್ತಿ ಪಕ್ಕಕ್ಕಿಟ್ಟು ಮಗಳ ಕೈ ಹಿಡಿದಳು.

“ಸುದರ್ಶನಂಗೆ ಆಚೆ ರಕ್ತದ ಎಣ್ಣೇ ತನ್ನಿ ಅಂತ ಏಳಿದ್ದೂ ಈ ಮೇಡಮ್ಮೇ ಕಣವ್ವ, ತರೋದೇನು, ಅರಕಲಗೂಡಿಂದ ಆರು ದಿನದ ಕೂಸಾಗಿದ್ದ ನಿನ್ನ ನಾವು ಆಗ್ಲೇ ತಂದಾಗಿತ್ತಲ್ಲ.”