ಮಾವಿನೆಲೆಯ ಮಸಿ

ಹಿತ್ತಲ ಮಾವಿನ ಎಲೆ ಸವರಿದರೆ ಚಿಕ್ಕತಾಯಮ್ಮನ ಬೆರಳಿಗೆ ಮಸಿ ಹತ್ತಿತು. ಹೂವೂ ಕಪ್ಪಾಗಿ ಉದುರುತ್ತಿತ್ತು. ಬೇಲಿಯಾಚೆ ಪುಟ್ಟಗೌರಿಯ ನೀರೊಲೆ ಎಂದಿನಂತೆ ಹೊಗೆಯಾಡುತ್ತಿತ್ತು.

“ನಿನ್ನ ಹೊಗೆ ನನ್ನ ಮರಾನೇ ತಿಂತು ಕಣೇ! ಒಡೆದಾಕು ಆ ಒಲೇನ!”

“ಮನೇಲಿ ಸೊಸೆ ಬಾಣಂತಿ ಅವ್ಳೆ ಕಣಕ್ಕ. ಬಿಸಿನೀರಿಗೆ ನಾನೆಲ್ಲಿಗೋಗ್ಲಿ?”

“ನಿನ್ ಸೊಸೆ ಮೀಯಕ್ಕೆ ನನ್ನ ಮರ ಸಾಯ್ಬೇಕಾ?”

ಚಿಕ್ಕತಾಯಮ್ಮ ಎಂಟು ದಿನ ಬೇಲಿಗೆ ನಿಂತು ಬೈದಳು. ಒಂಬತ್ತನೆಯ ದಿನ ಪುಟ್ಟಗೌರಿ ಹಾರೆ ತಂದು, ಅವಳ ಕಣ್ಣೆದುರೇ ಒಲೆಯನ್ನು ಪುಡಿ ಮಾಡಿದಳು.

“ಹೊಟ್ಟೆ ತಣ್ಣಗಾಯ್ತಾ, ಅಕ್ಕ?”

ಹದಿನೈದು ದಿನಕ್ಕೆ ಮಸಿ ಕೊಂಬೆಗಳಿಗೂ ಹಬ್ಬಿತು. ರೇಗಿಹೋದ ಚಿಕ್ಕತಾಯಮ್ಮ ತೋಟಗಾರಿಕೆ ಇಲಾಖೆಯವರನ್ನೇ ಕರೆತಂದಳು.

“ನೋಡಿ ಸ್ವಾಮಿ, ಆ ಮನೆಹಾಳಿಯ ಹೊಗೆ ಏನ್ ಮಾಡ್ಯದೆ!”

ಅವರು ಎಲೆಯನ್ನು ಉಜ್ಜಿ ಮೂಸಿದರು.

“ಇದು ಹೊಗೆಯಲ್ಲಮ್ಮ, ಬೂಷ್ಟು. ಜಿಗಿಹುಳು ಸುರಿಸೋ ಅಂಟಿನ ಮೇಲೆ ಬೆಳೆಯುತ್ತೆ. ತೆಳ್ಳಗೆ ಗಂಜಿ ಕಾಸಿ ಎಲೆಗಳ ಮೇಲೆ ಹೊಡೀರಿ, ಒಣಗಿದ ಮೇಲೆ ಹಕ್ಕಳೆ ಹಾಗೆ ಎದ್ದುಬರುತ್ತೆ.”

“ಹುಳಕ್ಕೆ ಏನ್ ಮಾಡ್ಲಿ?”

“ಮರದ ಹತ್ತಿರ ದಿನಾ ಒಂದು ಒಲೆ ಹಚ್ಚಿ ಹೊಗೆಯಾಡಿಸಿ, ಅಷ್ಟೇ.”